ಉತ್ತರದ ಗೋಡೆಗೆ ಮೊಳೆ

"ಮೊಳೆ ಹೊಡೀಬೇಡ ಮಗಾ. ಈ ಗೋಡೆಗೆ ಕಬ್ಬಿಣ ಆಗಿಬರಲ್ಲ."

ಕೆಸರಾದ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಯೂಫೇಲಿಯಾ ಇಗರ್ಜಿಯ ಉತ್ತರದ ಗೋಡೆಗೆ ಅಡ್ಡ ನಿಂತಿದ್ದಳು. ಐವತ್ತು ವರ್ಷದಿಂದ ಪ್ರತಿ ಜೂನಿನಲ್ಲೂ ಊರಿನ ಹೆಂಗಸರನ್ನು ಕಟ್ಟಿಕೊಂಡು ಆ ಹಸಿ ಇಟ್ಟಿಗೆಯ ಗೋಡೆಗಳಿಗೆ ಬರಿಗೈಯಲ್ಲಿ ಮಣ್ಣಿನ ಗಿಲಾವು ಬಳಿದವಳು. ಎದುರಿಗಿದ್ದವನು ಅಮಡೋರ್, ಪಟ್ಟಣದಿಂದ ಬಂದ ಎಂಜಿನಿಯರ್. ಲಾರಿ ತುಂಬ ಸಿಮೆಂಟು, ತಂತಿಬಲೆ, ಮೊಳೆ ತಂದಿದ್ದ. ಮೊಳೆ ಹೊಡೆದು ಬಲೆ ಬಿಗಿದು, ಮೇಲೆ ಸಿಮೆಂಟು ಮೆತ್ತಿಬಿಟ್ಟರೆ ವರ್ಷವರ್ಷದ ಈ ರೇಜಿಗೆ ತಪ್ಪುತ್ತದೆ ಎಂಬುದು ಅವನ ಯೋಚನೆ.

"ಯಾಕಜ್ಜಿ, ಗೋಡೆಗೆ ನೋವಾಗುತ್ತಾ?"

"ಗೋಡೆಗಲ್ಲ. ಒಳಗಿರೋಳಿಗೆ." ಮುದುಕಿ ದನಿ ತಗ್ಗಿಸಿದಳು. "ಮೊದಲನೇ ಪಾದ್ರಿ ನಮ್ಮ ಹೆಂಗಸರ ಕೈಲೇ ಈ ಇಗರ್ಜಿ ಏಳಿಸ್ದ. ಒಬ್ಬಳು ತಪ್ಪಿಸ್ಕೊಂಡು ಓಡಿದ್ಲು. ಹಿಡಿತಂದು, ಕಾಲಿಗೆ ಸರಪಳಿ ಹಾಕಿ ಇಲ್ಲೇ ಕೆಲಸಕ್ಕೆ ನಿಲ್ಲಿಸ್ದ. ಬಿಸಿಲಿಗೆ ಸತ್ತಳು. ಸಾಯೋವಾಗ ಹಸಿ ಮಣ್ಣಿಗೆ ಉಗಿದು ಅಂದ್ಲಂತೆ, ಇನ್ಮೇಲೆ ಈ ಗೋಡೆಗೆ ಕಬ್ಬಿಣ ತಾಗಿಸಿದೋರ ಕೈ ನಂದು ಅಂತ. ಪಾದ್ರಿ ಹೆಣಾನ ಗೋಡೆ ಒಳಗೇ ಸೇರಿಸಿ ಮೆತ್ತಿಸ್ಬಿಟ್ಟ."

"ಪಾದ್ರಿ ಏನಾದ?"

"ಮಣ್ಣು ಮಾಡೋವಾಗ ಅವನಿಗೆ ಕೈ ಇರಲಿಲ್ಲ."

ಅಮಡೋರ್ ಗಟ್ಟಿಯಾಗಿ ನಕ್ಕ. "ಎಡಗೈ ಬೇಕಾದ್ರೆ ತಗೊಳ್ಳೋಕೆ ಹೇಳು. ಬಲಗೈಲಿ ಊಟ ಮಾಡ್ಬೇಕು ನಾನು."

ಅವನು ಊರಲ್ಲೇ ಗೊತ್ತುಮಾಡಿಕೊಂಡಿದ್ದ ಕೆಲಸದವರು ನಗದೆ ಸುತ್ತಿಗೆಗಳನ್ನು ನೆಲಕ್ಕಿಟ್ಟು ಹೊರಟುಹೋದರು. ಅದಕ್ಕೇ ಅವನಿಗೆ ಹಟ ಹೆಚ್ಚಿತು. ಹೊರಗೆ ನಡುಹಗಲ ಬಿಸಿಲು ಸುಡುತ್ತಿತ್ತು. ಒಳಮಗ್ಗುಲಿನಿಂದಲೇ ಶುರುಮಾಡೋಣವೆಂದು ಒಬ್ಬನೇ ಇಗರ್ಜಿಯೊಳಕ್ಕೆ ನಡೆದ.

ಒಳಗೆ ಕಣ್ಣು ಕಟ್ಟಿದಂಥ ಕತ್ತಲೆ. ಮೇಣದ ಹೊಗೆ, ಬಾವಲಿಯ ಹಿಕ್ಕೆ, ಮುಗ್ಗಲು ಹುಲ್ಲಿನ ವಾಸನೆ. ಅಂಗೈ ಆನಿಸಿದರೆ ಗೋಡೆ ತಣ್ಣಗಿತ್ತು, ಒಣಗಿತ್ತು. ಮೊದಲ ಮೊಳೆ ಸಲೀಸಾಗಿ ಇಳಿಯಿತು. ಎರಡನೆಯದಕ್ಕೆ ಎಲ್ಲೋ ಆಳದಲ್ಲಿ ಯಾರೋ ಉಸಿರೆಳೆದುಕೊಂಡ ಹಾಗಾಯಿತು. ಗಾಳಿಯಿರಬೇಕು ಅಂದುಕೊಂಡ. ಮೂರನೆಯ ಮೊಳೆಯ ಬುಡದಿಂದ ನೀರು ಜಿನುಗಿತು.

ಮಳೆ ಬಿದ್ದು ಎರಡು ತಿಂಗಳಾಗಿತ್ತು.

ಅವನು ಬಲಗೈಯ ಬೆರಳಿಟ್ಟು ನೋಡಿದ. ಮಣ್ಣು ಮೆತ್ತಗಿತ್ತು. ಬೆಚ್ಚಗಿತ್ತು. ಬೆರಳು ಒಳಗೆ ಹೋಯಿತು. ಎಳೆದ. ಬರಲಿಲ್ಲ. ಮುಂಗೈ ಹೋಯಿತು. ಗೋಡೆಗೆ ಕಾಲು ಕೊಟ್ಟು ಜಗ್ಗಿದ. ಮೊಣಕೈ ಹೋಯಿತು. ಒಳಗೆ ಸರಪಳಿ ಸರಿದ ಸದ್ದು. ಹತ್ತಿರ. ಇನ್ನೂ ಹತ್ತಿರ. ಬೆರಳ ತುದಿಗೆ ಬಿಸಿಯುಸಿರು ತಾಗಿತು. ಆಮೇಲೆ ಹಲ್ಲು.

ಅವನ ಕೂಗಿಗೆ ಓಡಿಬಂದವಳು ಯೂಫೇಲಿಯಾ ಒಬ್ಬಳೇ. ಹಿಂದುಮುಂದು ನೋಡದೆ ತನ್ನ ಬಲಗೈಯನ್ನೂ ಅದೇ ಮಣ್ಣಿಗೆ ತುರುಕಿ, ಗೋಡೆಗೆ ಕೆನ್ನೆಯಿಟ್ಟು ಪಿಸುಗುಟ್ಟಿದಳು. "ಬಿಡೇ ತಾಯಿ. ನಾನು ಬಂದಿದೀನಿ. ಇದನ್ನ ತಗೊಂಡು ಅವನ್ನ ಬಿಡು."

ಹಿಡಿತ ಸಡಿಲಿತು. ಅಮಡೋರ್ ಅಂಗಾತ ಬಿದ್ದ, ಕೈ ಇಡಿಯಾಗೇ ಇತ್ತು. ಮುದುಕಿಯ ಕೈಯೂ ಹೊರಬಂತು: ಬೂದಿ ಬಣ್ಣ, ಉದ್ದಕ್ಕೂ ಬಿರುಕು, ಬಿರುಕಿನಿಂದ ಉದುರುವ ದೂಳು. ಅದು ಮತ್ತೆ ಮಡಚಲಿಲ್ಲ.

ಅವನು ಮೂರೂ ಮೊಳೆ ಕಿತ್ತು ಲಾರಿಯಲ್ಲಿ ಹಾಕಿದ. ಆಕೆಯನ್ನು ಅಲ್ಲೇ ಬಿಟ್ಟು ಗಾಡಿ ಓಡಿಸಿದ. ಊರಾಚೆಯ ಸೇತುವೆ ಸಿಕ್ಕಿತು. ನಟ್ಟನಡುವೆ, ಸ್ಟೀರಿಂಗ್ ಹಿಡಿದ ಬಲಗೈಯ ತೋರುಬೆರಳು ಸೀಳಿತು. ರಕ್ತ ಬರಲಿಲ್ಲ, ದೂಳು ಉದುರಿತು. ಇನ್ನೊಂದು ಮಾರು ಹೋದ. ಎರಡನೆಯ ಬೆರಳು. ಮೂರನೆಯದು. ಕಿರುಚುತ್ತ ಗಾಡಿಯನ್ನು ಹಿಂದಕ್ಕೆ ಬಿಟ್ಟ. ದಡ ಮುಟ್ಟುತ್ತಲೇ ಬಿರುಕುಗಳು ಕೂಡಿಕೊಂಡವು.

ಉತ್ತರದ ಗೋಡೆಯ ಬುಡದಲ್ಲಿ ಯೂಫೇಲಿಯಾ ಎಡಗೈಯಲ್ಲಿ ಹುಲ್ಲು, ಮಣ್ಣು ಕಲೆಸಿ ಕಾಯುತ್ತಿದ್ದಳು.

"ಬಂದ್ಯಾ? ಹೊತ್ತು ಮುಳುಗೋದ್ರೊಳಗೆ ಆ ತೂತು ಮುಚ್ಚು. ಅವಳಿಗೆ ಕೆಲಸ ಮಾಡೋ ಕೈ ಬೇಕು. ನಂದು ಮುಗೀತು."

"ಎಷ್ಟು ವರ್ಷ, ಅಜ್ಜಿ?"

"ನಾನೂ ಹಿಂಗೇ ಕೇಳಿದ್ದೆ. ಹದಿನೇಳಾಗಿತ್ತು ನಂಗೆ. ಲಂಗದಲ್ಲಿ ಒಂದು ಸೂಜಿ ಸಿಕ್ಕಿಸ್ಕೊಂಡು ಬಂದು ಈ ಗೋಡೆಗೆ ಒರಗಿದ್ದೆ, ಅಷ್ಟೇ."

ಅವನು ಮಣ್ಣಿಗೆ ಕೈ ಹಾಕುವವರೆಗೆ ಆಕೆ ನಿಂತು ನೋಡಿದಳು. ಆಮೇಲೆ ಶಾಲು ಹೊದ್ದು, ಸತ್ತ ಕೈಯನ್ನು ಎದೆಗೆ ಅವುಚಿಕೊಂಡು ಸೇತುವೆಯ ಕಡೆ ನಡೆದಳು. ನಡುವಿಗೆ ಬಂದಾಗ ಒಂದು ಗಳಿಗೆ ನಿಂತು ಎಡಗೈ ಬೆರಳುಗಳನ್ನು ನೋಡಿಕೊಂಡಳು; ಒಂದೂ ಸೀಳಿರಲಿಲ್ಲ. ಆಮೇಲೆ ಓಡತೊಡಗಿದಳು.