ಮೀಟರ್‌ಗೆ ಗೊತ್ತಿಲ್ಲದ ನೀರು

"ನಿಮ್ಮ ಹೊಲ ನನ್ನ ಮಾನ ಉಳಿಸ್ತು ನೋಡಿ," ಎಂದು ಮೀಟರ್ ಮೇಡಂ ನಕ್ಕಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ.

ಪೈಪಿಗೆ ನೀರಿನ ಮೀಟರ್ ಕೂರಿಸಿ, ವಾರಕ್ಕೊಮ್ಮೆ ಬಂದು ಓದಿಕೊಂಡು ಹೋಗುವ ಈ ಸಂಶೋಧಕಿಗೆ ಹಾಗೆ ಹೆಸರಿಟ್ಟವಳು ಅವನ ಅತ್ತಿಗೆ. ಅವನದು ತಲೆಮಾರುಗಳಿಂದ ಬಂದ ಕಬ್ಬಿನ ಹೊಲ. ಅದರ ಮೂಲೆಯ ಎರಡು ಪಟ್ಟಿಗಳಲ್ಲಿ ಒಂದಕ್ಕೆ ಕಬ್ಬು, ಇನ್ನೊಂದಕ್ಕೆ ಮೇಡಂ ಹೇಳಿದ ಸೋಯಾ. ಎಷ್ಟು ನೀರಿಗೆ ಎಷ್ಟು ಫಸಲು ಎಂಬುದೇ ಪರೀಕ್ಷೆ. ಕಬ್ಬು ಕುಡಿದ ನೀರಿನ ಕಾಲು ಭಾಗಕ್ಕೇ ಸೋಯಾ ಮೈತುಂಬ ಕಾಯಿ ಕಟ್ಟಿದೆ ಎನ್ನುತ್ತಿತ್ತು ಅವಳ ಹಾಳೆ. ನಾಳೆ ರೈತರ ಸಭೆಯಲ್ಲಿ ಅವಳು ಓದುವುದೂ ಅದನ್ನೇ.

ಹಾಳೆ ಸುಳ್ಳು ಎಂದು ಗೊತ್ತಿದ್ದವನು ಅವನೊಬ್ಬನೇ. ಅಲ್ಲ, ಅತ್ತಿಗೆಗೂ ಗೊತ್ತಿತ್ತು. ಸೋಯಾ ಹೂ ಬಿಟ್ಟಿದ್ದಾಗ, ಮೇಡಂ ಬಾರದ ದಿನಗಳಲ್ಲಿ, ಮೈದುನ ಬಾವಿಯಿಂದ ಬಕೆಟ್‌ಗಟ್ಟಲೆ ನೀರು ಹೊರುವುದನ್ನು ಅವಳು ಕಂಡಿದ್ದಳು.

"ನೀರು ಹೊಯ್ತಿರೋದು ಸೋಯಾಗೋ, ಆಸೆಗೋ?" ಎಂದು ಕೇಳಿಯೂ ಇದ್ದಳು.

ಈಗ ಮೇಡಂ ಕಿವಿಯ ಹಿಂದಿನ ಪೆನ್ನು ತೆಗೆಯುತ್ತಾ ಓರೆಗಣ್ಣಲ್ಲಿ ಅವನನ್ನು ನೋಡಿದಳು. "ಏನು, ಬಾಯಿಗೆ ಬೀಗ? ಗೆದ್ದಿರೋದು ನಾವಿಬ್ರೂ."

ನಾವಿಬ್ರೂ. ಆ ಒಂದು ಮಾತಿಗೆ ಅವನು ವರ್ಷವಿಡೀ ಕಾದಿದ್ದ. ಸುಮ್ಮನಿದ್ದರೆ ಅದು ತನ್ನದೇ. ಆದರೆ ಅವಳನ್ನು ನಂಬಿ ಅಕ್ಕಪಕ್ಕದವರು ಕಬ್ಬು ಕೀಳುತ್ತಾರೆ, ನೀರು ಸಾಲದೆ ಅವರ ಸೋಯಾ ಹೂವು ಉದುರುತ್ತದೆ, ಬೈಗುಳ ತಿನ್ನುವವಳು ಅವಳು.

"ಮೀಟರ್‌ಗೆ ಗೊತ್ತಿಲ್ಲದ ನೀರೂ ಇದೆ," ಎಂದ. "ನಾನೇ ಕದ್ದು ಹೊಯ್ದೆ. ಬಕೆಟ್‌ನಲ್ಲಿ."

ಅವಳ ನಗು ಆರಿತು. "ಎಷ್ಟು ಬಕೆಟ್?"

"ಎಣಿಸ್ಲಿಲ್ಲ."

"ಎಣಿಸಿದ್ರೆ ಕೂಡಿಸಿ ಸರಿ ಮಾಡ್ಬಹುದಿತ್ತು. ಒಂದು ವರ್ಷದ ಕೆಲಸ ರೀ ನಂದು." ಅವನಿಗೆ ತಲೆ ಎತ್ತಲಾಗಲಿಲ್ಲ.

ಅವಳು ಹಾಳೆಯುದ್ದಕ್ಕೂ ಒಂದು ಗೀಟು ಎಳೆದಳು. ಕೆಳಗೆ 'ಕಾರಣ' ಎಂಬ ಖಾನೆಯಿತ್ತು. ಪೆನ್ನನ್ನು ಅವನ ಕೈಗಿಟ್ಟಳು. "ನೀವೇ ಬರೀರಿ."

ಅವನು ಬರೆದ: ಗಿಡ ಬಾಡಿತ್ತು.

"ಎಷ್ಟು ತಡ್ಕೊಳ್ಳುತ್ತೆ ನೋಡೋಕಂತ್ಲೇ ಬಾಡೋಕೆ ಬಿಟ್ಟಿದ್ದು. ನಿಮಗೂ ಹೇಳಿದ್ದೆ. ನಿಜವಾದ ಕಾರಣ ಬರೀರಿ."

"ಆಫೀಸಲ್ಲಿ ಎಲ್ರೂ ಓದ್ತಾರೆ."

"ಓದ್ಲಿ."

ಅವನು 'ಗಿಡ'ವನ್ನು ಹೊಡೆದುಹಾಕಿ, ಅದರ ಮೇಲೆ 'ಮೇಡಂ ಮುಖ' ಎಂದು ಬರೆದ.

ಮೂರು ಪದ ಓದಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ನಾಳೆ ಲೆಕ್ಕ ಇಲ್ಲ ಅಂತ ನಾನು ಹೇಳ್ತೀನಿ. ಯಾರಿಂದ ಅಂತ ನೀವು ಎದ್ದು ನಿಂತು ಹೇಳ್ಬೇಕು."

"ಹೇಳ್ತೀನಿ."

"ಮತ್ತೆ ಮೊದಲಿಂದ ಶುರು. ಇನ್ನೊಂದು ವರ್ಷ ಇಲ್ಲಿಗೆ ಬರ್ಬೇಕು ನಾನು."

ಅವನ ಎದೆ ಕುಣಿಯಿತು. ಮಾಡಿದ ತಪ್ಪಿಗೆ ಬಹುಮಾನ ಬಂತಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು. "ನಂಗೆ ಖುಷಿ ಆಗ್ತಿದೆ," ಎಂದ. "ಆಗ್ಬಾರ್ದು, ಅಲ್ವಾ?"

"ಆಗ್ಬಾರ್ದು." ಅವಳ ಕೆನ್ನೆ ಕೆಂಪಾಗಿತ್ತು, ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಈ ಸಲ ಗಿಡ ಬಾಡಿದ್ರೆ ಕೈ ಕಟ್ಕೊಂಡು ಕೂತಿರಿ. ನನ್ನ ಮುಖ ಬಾಡಿದ್ರೆ, ಬಕೆಟ್ ಎತ್ಬೇಡಿ. ಬಂದು ನನ್ನನ್ನೇ ಕೇಳಿ."