ಉತ್ಸವದ ಮೊದಲ ರೈಲು

"ಮತ್ತೆ ಟೀ ಅಂಗಡಿ!"

ಶೆಡ್ಡಿನ ಗೋಡೆಯ ಪಾಳಿ ಹಲಗೆ ಓದಿ ಮೊರ್ವಿದ್ ನಕ್ಕಳು. ಹಾಲು ಒಡೆದುಹೋಗುವಂಥ ನಗು. ಹನ್ನೊಂದು ವರ್ಷ ಬಿಟ್ಟಿ ದುಡಿದು, ಬೂದಿ ಬಳಿದು, ಡ್ರೈವರ್ ಪರೀಕ್ಷೆ ಪಾಸಾದವಳು ಅವಳು. ನಾಳೆ ಉತ್ಸವದ ಮೊದಲ ರೈಲು ಮಾತ್ರ ರೈಲು ಸಂಘದ ಅಧ್ಯಕ್ಷರ ಅಳಿಯನಿಗೆ. ಅವನು ಪಾಸಾಗಿ ಎರಡು ತಿಂಗಳೂ ಆಗಿರಲಿಲ್ಲ.

ವೇಲ್ಸಿನ ಈ ಬೆಟ್ಟದ ರೈಲು ಹಿಂದೆ ಸ್ಲೇಟುಕಲ್ಲು ಹೊರುತ್ತಿತ್ತು, ಈಗ ಮೋಜಿಗೆ ಬರುವ ಉಳ್ಳವರ ಹಳೇ ಮೋಹ ಹೊರುತ್ತದೆ. ಅವಳಜ್ಜ ಗಣಿಯ ಧೂಳು ಕುಡಿದು ಕೆಮ್ಮಿ ಸತ್ತ. ಗಣಿಯ ಒಡತಿಯಾಗಿದ್ದ ಅಧ್ಯಕ್ಷರ ಅಜ್ಜಿಯ ಹೆಸರು ಎಂಜಿನಿನ ಮೇಲೆ ಹಿತ್ತಾಳೆಯಲ್ಲಿ ಹೊಳೆಯುತ್ತಿದೆ. ಅದನ್ನು ಉಜ್ಜುವವಳು ಕೆಮ್ಮಿ ಸತ್ತವನ ಮೊಮ್ಮಗಳು.

ಇವತ್ತು ಪಕ್ಕದಲ್ಲಿ ಎಮ್ಲಿನ್ ಕೂಡ ಉಜ್ಜುತ್ತಿದ್ದ. ವಾರವೆಲ್ಲ ಅವನು ಇಲ್ಲಿನ ಸಂಬಳದ ಮ್ಯಾನೇಜರ್. ಶನಿವಾರ, ಭಾನುವಾರ ಅವಳ ಕೈಕೆಳಗಿನ ಸ್ವಯಂಸೇವಕ. ಈ ಲೈನಿನ ಪದ್ಧತಿಯೇ ಹಾಗೆ. ಅವನ ನೋಟ ಅವಳ ಕತ್ತಿನ ಮಸಿಯ ಗೆರೆಗೆ ಜಾರಿತು.

"ಕಣ್ಣು ಹಿತ್ತಾಳೆ ಮೇಲಿರಲಿ."

"ನಿನ್ನ ಕಂಡ್ರೆ ನಂಗೆ ಪ್ರೀತಿ, ಮೊರ್ವಿದ್. ಮೂರು ವರ್ಷದಿಂದ."

"ಗೊತ್ತು. ಆ ಪ್ರೀತಿಗೇ ಅಲ್ವಾ, ಪ್ರತಿ ಉತ್ಸವಕ್ಕೂ ನನ್ನ ಹೆಸರನ್ನ ಟೀ ಕೆಟ್ಲಿ ಪಕ್ಕ ಬರೆಯೋದು?"

"ಇಲ್ದಿದ್ರೆ ಅಧ್ಯಕ್ಷರು ನನ್ನ ಕೆಲಸದಿಂದ ತೆಗೀತಾರೆ."

"ಅಯ್ಯೋ ಪಾಪ! ನಮ್ಮಜ್ಜನ ಎದೇಲಾದ್ರೂ ಕಲ್ಲಿತ್ತು. ನಿನ್ನ ಬೆನ್ನಲ್ಲಿ ಮೂಳೇನೂ ಇಲ್ವಲ್ಲೋ."

ಅವನು ಬಟ್ಟೆ ಹಿಂಡಿಟ್ಟು ಹೋದ.

ಬೆಳಿಗ್ಗೆ ಮೊರ್ವಿದ್ ಟೀ ಅಂಗಡಿಯ ಏಪ್ರನ್ ಹೆಗಲಿಗೆ ಹಾಕಿಕೊಂಡು ಬಂದರೆ, ಶೆಡ್ಡಿನಲ್ಲಿ ಅಧ್ಯಕ್ಷರ ಕೂಗಾಟ. ಹಲಗೆಯಲ್ಲಿ ಡ್ರೈವರ್ ಸಾಲಿನ ಮುಂದೆ ಮೊರ್ವಿದ್ ಹೆಸರು, ಕೆಳಗೆ ಎಮ್ಲಿನ್ ಸಹಿ.

"ಅಳಿಸಿ ಇದನ್ನ! ಎಲ್ಲಿ ಮ್ಯಾನೇಜರ್?"

ಎಂಜಿನ್ ಅಡಿಯಿಂದ ಎಮ್ಲಿನ್ ತೆವಳಿ ಬಂದ, ಮುಖವೆಲ್ಲ ಗ್ರೀಸು. "ರಾಜೀನಾಮೆ ಕೊಟ್ಟ ಸಾರ್. ಕಾಗದ ನಿಮ್ಮ ಮೇಜಿನ ಮೇಲಿದೆ. ನಾನು ಬರೀ ಎಂಜಿನ್ ಒರೆಸೋನು."

ಹಲಗೆ ಒರೆಸಲು ಅಧ್ಯಕ್ಷರು ತಾವೇ ಬಟ್ಟೆ ಎತ್ತಿಕೊಂಡರು. ಬೆಂಕಿ ಹಾಕುವ ಮುದುಕ ಗ್ವಿಲಿಮ್ ಸಲಿಕೆ ಕೆಳಗಿಟ್ಟ. "ಅಳಿಸಿ, ಅಳಿಸಿ. ನಾವೆಲ್ಲ ಮನೆಗೆ ಹೋಗ್ತೀವಿ. ರೈಲನ್ನ ಅಳಿಯಂದಿರ ಕೈಲೇ ತಳ್ಳಿಸಿ."

ಬಿಟ್ಟಿ ಆಳನ್ನು ಹೆದರಿಸಲು ಯಾವ ದೊರೆಯ ಬಳಿ ಏನಿದೆ? ಪ್ಲಾಟ್‌ಫಾರ್ಮಿನಲ್ಲಿ ಮುನ್ನೂರು ಜನ ಕಾಯುತ್ತಿದ್ದರು. ಬಟ್ಟೆ ಕೆಳಗೆ ಬಿತ್ತು.

ಮೊರ್ವಿದ್ ಎಂಜಿನ್ ಹತ್ತಿ, ಏಪ್ರನ್ನನ್ನು ಎಮ್ಲಿನ್ ಮುಖಕ್ಕೆ ಎಸೆದಳು.

"ಟೀ ಅಂಗಡೀಲಿ ಆಳಿಲ್ಲ. ವಾಪಸ್ ಬರೋ ಹೊತ್ತಿಗೆ ನಂಗೊಂದು ಕಪ್ ಇಟ್ಟಿರು. ಸಕ್ಕರೆ..."

"ಮೂರು ಚಮಚ. ಮೊದಲು ಸಕ್ಕರೆ, ಆಮೇಲೆ ಹಾಲು."

ಅವಳು ತಟಕ್ಕನೆ ತಿರುಗಿ ಸೀಟಿಯ ಹಗ್ಗ ಜಗ್ಗಿದಳು. ಮುಖ ಕೆಂಪಗಾಗಿತ್ತು. ಬೆಂಕಿಯ ಕಾವಿಗೆ ಅನ್ನೋಣವೆಂದರೆ, ಬೆಂಕಿಗೂಡಿನ ಬಾಗಿಲು ಇನ್ನೂ ಮುಚ್ಚೇ ಇತ್ತು.