ಗೇಟಿಲ್ಲದ ಗೋಡೆ

ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಹಿಂದಿನ ಗೋಡೆ ನಡುಗಿತು.

ಧಡ್! ಮತ್ತೆ ಧಡ್!

‘ಗೇಟೆಲ್ಲಿ? ಎಲ್ಲಿ ಬಚ್ಚಿಟ್ಟಿದ್ದೀರಿ ಗೇಟನ್ನ?’ ಗೋಡೆಯಾಚೆ ಗಂಡಸಿನ ದನಿ. ಇಟ್ಟಿಗೆಗೆ ಕಬ್ಬಿಣದ ಸರಳು ಬಡಿಯುವ ಸದ್ದು.

ಹೊಲಿಗೆ ಯಂತ್ರದ ಪೆಡಲಿನ ಮೇಲೆ ಟೈಲರಮ್ಮನ ಕಾಲು ಹಾಗೇ ನಿಂತಿತು. ಅವಳ ಬಾಯಿಂದ ಹೊರಟಿದ್ದು ಒಂದೇ ಮಾತು— ‘ಅವರೇ.’

ಮನೆಯ ಉಸ್ತುವಾರಿ ದೊಡ್ಡಕ್ಕ ಎಲ್ಲರನ್ನೂ ಮಹಡಿಗೆ ಅಟ್ಟಿ, ಮುಂಬಾಗಿಲಿಗೆ ಅಗುಳಿ ಹಾಕಿ, ಪೊಲೀಸರಿಗೆ ಫೋನ್ ಮಾಡಿದಳು. ಜೀಪು ಬರುವಷ್ಟರಲ್ಲಿ ಟೈಲರಮ್ಮನ ಗಂಡ ಗಲ್ಲಿ ದಾಟಿ ಮಾಯವಾಗಿದ್ದ.

ಗಂಡನ ಏಟು ತಾಳಲಾರದೆ ಬಂದ ಹೆಂಗಸರಿಗೆ ಆಸರೆಯಾದ ಮನೆ ಅದು. ಹೊರಗೆ ಬೋರ್ಡಿಲ್ಲ. ಬಂಧುಗಳು ಬಂದರೆ ಪೇಟೆಯ ಕಚೇರಿಯಲ್ಲೇ ಭೇಟಿ. ವಿಳಾಸ ಗುಟ್ಟಾಗಿರುವುದೇ ಆ ಮನೆಯ ನಿಜವಾದ ಬೀಗ. ಆ ಬೀಗವನ್ನು ತೆಗೆದವರು ಯಾರು?

ಎಲ್ಲರ ಕಣ್ಣೂ ಅಡುಗೆಯಮ್ಮನ ಮೇಲೆ ಬಿತ್ತು. ದಿನವೂ ಉಗ್ರಾಣದಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುತ್ತಿದ್ದವಳು ಅವಳೇ.

‘ಯಾರ ಜೊತೆ ಮಾತು?’ ದೊಡ್ಡಕ್ಕ ಕೇಳಿದಳು.

‘ನಮ್ಮಕ್ಕನ ಜೊತೆ ಕಣಕ್ಕಾ. ಹುಷಾರಿಲ್ಲ ಅವಳಿಗೆ.’

‘ಅದಕ್ಕೆ ಪಿಸುಗುಟ್ಟಬೇಕಾ?’

ಅಡುಗೆಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಲೆ ಕಡೆ ತಿರುಗಿದಳು. ಅವಳು ಬಡಿಸಿದ್ದನ್ನು ಅಂದು ಯಾರೂ ಮುಟ್ಟಲಿಲ್ಲ.

ಸಂಜೆ ಟೈಲರಮ್ಮನ ಅಣ್ಣನ ಫೋನ್ ಬಂತು. ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವನು. ತಂಗಿಗೆ ಉಳಿದಿದ್ದ ತವರೆಂದರೆ ಅವನೊಬ್ಬನೇ. ಮನೆಯ ನಿಯಮದಂತೆ ದೊಡ್ಡಕ್ಕ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕುಳಿತಳು.

‘ಅಣ್ಣಾ, ಅವರು ಬಂದಿದ್ದರು. ಹಿಂದುಗಡೆ ನಿಂತು ಬಡಿದರು.’

‘ಅಯ್ಯೋ! ನಿಂಗೇನೂ ಆಗಿಲ್ಲ ತಾನೇ?’ ಅವನ ದನಿ ಒಡೆಯಿತು. ‘ಆ ಹಸಿರು ಗೇಟಿಗೆ ಇನ್ನೊಂದು ಬೀಗ ಹಾಕ್ಸೋಕೆ ಹೇಳಮ್ಮಾ.’

‘ನಾನು ವಾಪಸ್ ಹೋಗ್ಬಿಡ್ತೀನಿ ಅಣ್ಣಾ. ನನ್ನಿಂದ ಇವರಿಗೆಲ್ಲ ಯಾಕೆ ತೊಂದರೆ?’

‘ಯೋಚನೆ ಮಾಡು,’ ಅಂದ ಅವನು.

ವಿಳಾಸ ಸೋರಿದ್ದು ಎಲ್ಲಿಂದ ಎಂದು ಪತ್ತೆಹಚ್ಚಲು ಮರುದಿನ ಬೆಳಿಗ್ಗೆ ಪೊಲೀಸರ ಸೈಬರ್ ವಿಭಾಗದ ಅಧಿಕಾರಿ ಬಂದಳು. ಕುಳ್ಳಗಿನ ಹೆಂಗಸು. ಬಂದವಳೇ ಹಿತ್ತಲಿಗೆ ಹೋಗಿ ಗೋಡೆಯ ಮೇಲೆ ಕೈಯಾಡಿಸಿದಳು.

‘ಅವನು ಏನಂತ ಕೂಗಿದ?’

‘ಗೇಟೆಲ್ಲಿ ಅಂತ,’ ಅಂದಳು ದೊಡ್ಡಕ್ಕ.

‘ಇಲ್ಲಿ ಗೇಟಿತ್ತಾ?’

‘ಇತ್ತು. ಮುಚ್ಚಿಸಿ ವರ್ಷಗಳಾದವು. ಒಳಗೂ ಹೊರಗೂ ಗಾರೆ ಬಳಿಸಿದ್ದೇವೆ.’

‘ನೀವು ಅನುಮಾನ ಪಟ್ಟ ಅಡುಗೆಯಮ್ಮ ಈ ಮನೆಗೆ ಬಂದಿದ್ದು ಯಾವಾಗ?’

‘ಮುಚ್ಚಿಸಿದ ಮೇಲೆ.’

‘ಹಾಗಾದ್ರೆ ಯೋಚಿಸಿ ಅಕ್ಕಾ. ಈ ಮನೆಯವರು ಹೇಳಿದ್ದರೆ ಅವನು ಮುಂಬಾಗಿಲಿಗೆ ಬರ್ತಿದ್ದ. ಇಲ್ಲದಿರೋ ಗೇಟನ್ನ ಯಾಕೆ ಹುಡುಕ್ತಾನೆ?’

ದೊಡ್ಡಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ನೆಟ್ಟಗೆ ಅಡುಗೆಮನೆಗೆ ಹೋದಳು. ‘ತಪ್ಪಾಯ್ತು ಕಣೇ. ನಿನ್ನ ಮೇಲೆ ಅನುಮಾನ ಪಡಬಾರದಿತ್ತು,’ ಅಂದಳು. ಅಡುಗೆಯಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ‘ನಮ್ಮಕ್ಕನಿಗೆ ಕ್ಯಾನ್ಸರ್. ಇಲ್ಲಿರೋರಿಗೆ ಅವರವರ ಸಂಕಟವೇ ಸಾಕಲ್ವಾ, ಅದಕ್ಕೇ ಮೆಲ್ಲಗೆ ಮಾತಾಡ್ತಿದ್ದೆ,’ ಎಂದಳು.

ದೊಡ್ಡಕ್ಕ ಹೊರಬಂದಾಗ ಅಧಿಕಾರಿ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು.

‘ಆ ಗೇಟಿನ ವಿಷಯ ಎಲ್ಲಾದರೂ ಬರೆದಿಟ್ಟಿದ್ದೀರಾ?’

‘ಹಿಂದೆ ಸ್ವಯಂಸೇವಕರಿಗೆ ದಾರಿ ತೋರಿಸೋ ಪುಟ ಒಂದಿತ್ತು, ನಮ್ಮ ಜಾಲತಾಣದಲ್ಲಿ. ಪಾಸ್‌ವರ್ಡ್ ಇತ್ತು. ಆಮೇಲೆ ಬಳಸೋದು ಬಿಟ್ಟೆವು.’

‘ಅಳಿಸಿದ್ರಾ?’

‘...ಇಲ್ಲ.’

ಅಧಿಕಾರಿ ಸುಮಾರು ಹೊತ್ತು ಕೀಲಿಮಣೆ ಕುಟ್ಟಿದಳು. ಕೊನೆಗೆ ತಲೆಯೆತ್ತಿದಳು. ‘ನಿನ್ನೆ ಗಲಾಟೆ ಆದ ಮೇಲೆ ಫೋನ್ ಮಾಡಿದೋರು ಯಾರು? ಏನಂದರು? ಒಂದು ಮಾತೂ ಬಿಡದೆ ಹೇಳಿ.’

ದೊಡ್ಡಕ್ಕ ಹೇಳಿದಳು.

‘ಇನ್ನೊಂದು ಸಲ ಹೇಳಿ.’

ಮತ್ತೆ ಹೇಳಿದಳು.

‘ಆ ಅಣ್ಣನನ್ನ ಪೇಟೆ ಕಚೇರಿಗೆ ಕರೆಸಿ. ತಂಗಿಯನ್ನ ನೋಡಬಹುದು ಅನ್ನಿ.’

ಕಚೇರಿ ಅಂದರೆ ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ. ಫ್ಯಾನು ಕಿರ್ರೆನ್ನುತ್ತಿತ್ತು. ಅಣ್ಣ ಓಡುತ್ತಲೇ ಬಂದ. ತಂಗಿಯ ಕೈ ಹಿಡಿದು ಅತ್ತ. ದೊಡ್ಡಕ್ಕ ನೀರಿನ ಲೋಟವನ್ನು ಅವನತ್ತ ಸರಿಸಿದಳು. ಇವನಾ? ಇರಲಾರದು.

‘ನೀವು ಆ ಮನೆ ನೋಡಿದ್ದೀರಾ?’ ಅಧಿಕಾರಿ ಕೇಳಿದಳು.

‘ಇಲ್ಲ ಮೇಡಂ.’

‘ಯಾವ ರಸ್ತೆ ಅಂತ ಗೊತ್ತಾ?’

‘ಗೊತ್ತಿಲ್ಲ. ಯಾರೂ ಹೇಳಲ್ವಲ್ಲ.’

‘ಹಿಂದಿನ ಗೇಟಿನ ಬಣ್ಣ ಮಾತ್ರ ಗೊತ್ತು?’

ಅವನ ಕೈ ತಂಗಿಯ ಕೈಯಿಂದ ಜಾರಿತು. ‘ಅದು... ಇವಳೇ ಹೇಳಿದ್ದಳು.’

‘ನಾನಾ?’ ಟೈಲರಮ್ಮ ಅವನ ಮುಖ ನೋಡಿದಳು. ‘ಅಲ್ಲಿ ಗೇಟಿತ್ತು ಅನ್ನೋದೇ ನಂಗೆ ಗೊತ್ತಿರಲಿಲ್ಲ ಅಣ್ಣಾ. ನಾನು ಬಂದಾಗಿನಿಂದ ಅಲ್ಲಿರೋದು ಗೋಡೆ.’

‘ಹಸಿರು ಗೇಟು ಈಗ ಇರೋದು ಒಂದೇ ಕಡೆ— ಆ ಹಳೇ ಪುಟದಲ್ಲಿ,’ ಅಧಿಕಾರಿ ಹೇಳಿದಳು. ‘ಅದಕ್ಕೆ ಪಾಸ್‌ವರ್ಡಿನ ಕಾವಲಿತ್ತು. ಆದರೆ ಪಕ್ಕದಲ್ಲಿ ಇನ್ನೊಂದು ಕಿಂಡಿಯಿತ್ತು. ನಿಮ್ಮ ಸಂಸ್ಥೆಯ ಕರಪತ್ರಗಳನ್ನ ಜನ ಇಳಿಸಿಕೊಳ್ಳೋಕೆ ಅಂತ ತಾಣಕ್ಕೆ ಸೇರಿಸಿದ್ದ ಪುಟ್ಟ ತಂತ್ರಾಂಶ, ಪ್ಲಗಿನ್ ಅಂತಾರೆ.’

‘ಅದರಿಂದ ಹೇಗೆ?’ ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ.

‘ಅದನ್ನ ಕೌಂಟರಿನಲ್ಲಿ ಕೂತ ಗುಮಾಸ್ತ ಅಂದ್ಕೊಳ್ಳಿ ಅಕ್ಕಾ. ಕರಪತ್ರದ ಹೆಸರು ಹೇಳಿದರೆ ಕಪಾಟಿನಿಂದ ತೆಗೆದುಕೊಡ್ತಾನೆ. ಹೆಸರಿಗೆ ಮೊದಲು ಎರಡು ಚುಕ್ಕಿ, ಒಂದು ಓರೆಗೆರೆ ಸೇರಿಸಿದರೆ “ಒಂದು ಕೋಣೆ ಹಿಂದಕ್ಕೆ ಹೋಗು” ಅಂತ ಅರ್ಥ. ಹಾಗೆ ಹಿಂದಹಿಂದಕ್ಕೆ ಕಳಿಸಿ, “ಒಳಕೋಣೆಯಲ್ಲಿರೋದನ್ನ ತಾ” ಅಂದರೆ, ಈ ಪೆದ್ದ ನೀವ್ಯಾರು ಅಂತಲೂ ಕೇಳದೆ ತಂದುಕೊಡ್ತಾನೆ. ಪಾಸ್‌ವರ್ಡ್ ಇರೋದು ಹೊರಗಿಂದ ಬರೋರಿಗೆ, ಅವನು ಒಳಗಿನವನಲ್ವಾ?’

‘ಪುಟದ ಹೆಸರು ಹೇಗೆ ಸಿಕ್ಕಿತು?’

‘ಇಂಟರ್‌ನೆಟ್ಟಿನಲ್ಲಿ ಹುಡುಕೋ ಸರ್ಚ್ ಎಂಜಿನ್‌ಗಳಿಗೆ “ಇದನ್ನ ನೋಡಬೇಡಿ” ಅಂತ ನಿಮ್ಮ ತಾಣದಲ್ಲೇ ಸೂಚನೆ ಹಾಕಿದ್ದೀರಿ. ಅದು ಯಾರು ಬೇಕಾದರೂ ಓದಬಹುದಾದ ಸೂಚನೆ. ಹೆಸರು ಅಲ್ಲೇ ಇದೆ.’ ಅವಳು ಅಣ್ಣನತ್ತ ತಿರುಗಿದಳು. ‘ನಿಮ್ಮ ಆಸ್ಪತ್ರೆ ತಾಣದಲ್ಲೂ ಅದೇ ಪ್ಲಗಿನ್ ಇತ್ತು. ದೋಷ ಇದೆ ಅಂತ ಎಚ್ಚರಿಕೆ ಬಂದಾಗ ನೀವು ಸರಿಮಾಡಿದಿರಿ. ಇವರಿಗೆ ಹೇಳಲಿಲ್ಲ. ಇವರ ತಾಣದ ದಾಖಲೆ ನೋಡಿದೆ, ಪುಟ ಕೇಳಿದ್ದು ನಿಮ್ಮ ಆಸ್ಪತ್ರೆಯ ಇಂಟರ್‌ನೆಟ್ ಸಂಪರ್ಕದಿಂದ. ಅಲ್ಲಾಂತೀರಾ?’

ಅವನು ಕುರ್ಚಿಯಲ್ಲಿ ಕುಸಿದ. ‘ಬಾವ ಕಾಲಿಗೆ ಬಿದ್ದ ಮೇಡಂ. ಒಂದೇ ಸಲ ಮಾತಾಡ್ತೀನಿ, ಕ್ಷಮೆ ಕೇಳ್ತೀನಿ ಅಂದ. ಸಂಸಾರ ಸರಿಹೋಗಲಿ ಅಂತ—’

‘ಕ್ಷಮೆ ಕೇಳೋಕೆ ಕಬ್ಬಿಣದ ಸರಳು ತಂದಿದ್ದರು,’ ಟೈಲರಮ್ಮ ಹೇಳಿದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ‘ಎಷ್ಟು ಸಲ ತೋರಿಸಿದ್ದೆ ನಿಂಗೆ, ನನ್ನ ಬೆನ್ನು.’

‘ಈಗ ಎಲ್ಲಿದ್ದಾನೆ?’ ಅಧಿಕಾರಿ ಗದರಿದಳು.

‘ನಮ್ಮನೇಲಿ. ಮಹಡಿ ಕೋಣೇಲಿ.’

ಟೈಲರಮ್ಮ ಧಡಕ್ಕನೆ ಎದ್ದಳು. ‘ಅತ್ತಿಗೆ? ಮಗು?’

ಆಗ, ಆಗ ಮಾತ್ರ, ಅಣ್ಣನ ಮುಖ ಬಿಳಿಚಿಕೊಂಡಿತು. ಅಷ್ಟು ದಿನ ತಂಗಿಗೆ ‘ಹೊಂದಿಕೊಂಡು ಹೋಗು’ ಎಂದವನು ಬಾಗಿಲ ಕಡೆ ಓಡಿದ. ಹೊರಗೆ ಕಾವಲಿಗಿದ್ದ ಪೊಲೀಸ್ ಪೇದೆ ತಡೆದು ನಿಲ್ಲಿಸಿದ. ಅಧಿಕಾರಿ ಆಗಲೇ ಅವನ ಮನೆಗೆ ಜೀಪು ಕಳಿಸಲು ಫೋನಿನಲ್ಲಿ ಹೇಳುತ್ತಿದ್ದಳು. ಟೈಲರಮ್ಮ ದೊಡ್ಡಕ್ಕನ ಕೈಯಿಂದ ಫೋನು ಕಿತ್ತುಕೊಂಡು ನಂಬರ್ ಒತ್ತಿದಳು.

‘ಅತ್ತಿಗೆ, ನಾನು. ಏನೂ ಕೇಳಬೇಡಿ. ಮಗೂನ ಎತ್ಕೊಳ್ಳಿ, ಬೀದಿಗೆ ಬನ್ನಿ. ಚಪ್ಪಲಿ ಹುಡುಕ್ತಾ ನಿಲ್ಲಬೇಡಿ. ಹಾಲು ಉಕ್ಕಿದರೆ ಉಕ್ಕಲಿ, ಬನ್ನಿ. ಮೆಟ್ಟಿಲ ಕಡೆ ನೋಡಬೇಡಿ. ನಡೀತಾ ಇರಿ, ನಾನು ಮಾತಾಡ್ತಾನೇ ಇರ್ತೀನಿ...’

ಫೋನಿನಲ್ಲಿ ಬಾಗಿಲು ಕಿರುಗುಟ್ಟಿತು. ಮಗು ಏನೋ ಕೇಳಿತು. ಆಮೇಲೆ ರಸ್ತೆಯ ಗದ್ದಲ, ಬಸ್ಸಿನ ಹಾರನ್ನು.

‘ಬಂದೆ,’ ಅಂದಳು ಅತ್ತಿಗೆ, ಏದುಸಿರು ಬಿಡುತ್ತಾ.

ಟೈಲರಮ್ಮ ನೆಲದ ಮೇಲೆಯೇ ಕುಳಿತುಬಿಟ್ಟಳು.